ತಾನಾಗಿ ಆರುವ ಓವನ್: ಕಾರಣ ಹುಡುಕದ ರಿಪೇರಿ ರಿಪೇರಿಯಲ್ಲ

ಮನೆಯ ಓವನ್ ಕೆಲಸದ ಮಧ್ಯೆ ತಾನಾಗಿ ಆರಿಹೋದರೆ ಅದು ಕೆಟ್ಟಿದೆ ಎಂದು ನಾವೆಲ್ಲ ತೀರ್ಮಾನಿಸಿಬಿಡುತ್ತೇವೆ. ಮತ್ತೆ ಸ್ವಿಚ್ ಹಾಕುತ್ತೇವೆ, ಮತ್ತೆ ಆರುತ್ತದೆ. ನಾಲ್ಕು ದಿನ ಹೀಗೇ ತಳ್ಳಿ, ಕೊನೆಗೆ ಅದನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋಗಿ ‘ಇದು ಆಫ್ ಆಗದ ಹಾಗೆ ಮಾಡಿಕೊಡಿ’ ಎನ್ನುತ್ತೇವೆ. ಈ ಕೋರಿಕೆಯೇ ತಪ್ಪು ಎನ್ನುವುದು ಇವತ್ತಿನ ನನ್ನ ಮಾತಿನ ತಿರುಳು. ಓವನ್ ಆರಿದಾಗ ಅನೇಕ ಸಲ ಆಗಿರುವುದಿಷ್ಟೇ: ಅದರೊಳಗಿನ ಇಲ್ಲವೇ ಮನೆಯ ವೈರಿಂಗಿನ ಒಂದು ರಕ್ಷಣೆ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ. ದೋಷ ಬೇರೆ ಕಡೆ ಇದೆ. ಅದನ್ನು ಹುಡುಕದೆ ಆರುವುದನ್ನಷ್ಟೇ ನಿಲ್ಲಿಸಿದರೆ, ನಾಯಿ ಬೊಗಳಿತೆಂದು ನಾಯಿಯನ್ನು ಹೊಡೆದೋಡಿಸಿ ಕಳ್ಳನಿಗೆ ದಾರಿ ಬಿಟ್ಟ ಹಾಗಾಗುತ್ತದೆ. ಕಾರಣ ಹುಡುಕದ ರಿಪೇರಿಯನ್ನು ರಿಪೇರಿ ಎಂದು ಒಪ್ಪಿಕೊಳ್ಳಬಾರದು. ಹಾಗೆ ಒಪ್ಪದಿರುವ ಹಕ್ಕೂ ಹೊಣೆಯೂ ಬಳಸುವ ನಮ್ಮದೇ.

ಶಿವಮೊಗ್ಗ, ಭದ್ರಾವತಿಯಂಥ ಊರುಗಳಲ್ಲಿ ಈ ಮಾತಿಗೆ ಈಗ ಹೆಚ್ಚು ಅಗತ್ಯವಿದೆ. ಬ್ರೆಡ್ಡು, ಬನ್ನು, ಕೇಕು ಎಂದರೆ ಬೇಕರಿಯದೇ ಎಂಬ ಕಾಲ ಹೋಗಿದೆ. 2020ರ ಲಾಕ್‌ಡೌನ್ ದಿನಗಳಿಂದೀಚೆಗೆ ಮನೆಯಲ್ಲೇ ಬೇಯಿಸುವವರು, ಅದರಿಂದ ನಾಲ್ಕು ಕಾಸು ಸಂಪಾದಿಸುವ ಹೆಣ್ಣುಮಕ್ಕಳು ಬಡಾವಣೆ ಬಡಾವಣೆಯಲ್ಲೂ ಕಾಣುತ್ತಾರೆ. ಓವನ್ ಅವರಿಗೆ ಜೀವನೋಪಾಯದ ಸಾಧನ. ಇನ್ನು ಭದ್ರಾವತಿಗೆ ಕುಲುಮೆಯ ಶಿಸ್ತು ಹೊಸದೇನಲ್ಲ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಇಲ್ಲಿ ಕೆಲಸ ಆರಂಭಿಸಿದಾಗ ಊದುಕುಲುಮೆಗೆ ಮಲೆನಾಡಿನ ಮರದ ಇದ್ದಿಲೇ ಉರುವಲಾಗಿತ್ತು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. ಅದಾದ ಮೇಲೆ 1950ರ ದಶಕದಲ್ಲಿ ಭದ್ರಾವತಿಯ ಅದೇ ಕಾರ್ಖಾನೆಗೆ ವಿದ್ಯುತ್ ಕುಲುಮೆಗಳೂ ಬಂದವು. ಅಂಥ ಕುಲುಮೆಯಲ್ಲಿ ತಾಪ ಅಳೆಯುವ ಉಪಕರಣ ಅಪಾಯದ ಮಟ್ಟ ತೋರಿಸಿದರೆ ಉಪಕರಣವನ್ನು ಯಾರೂ ಕಿತ್ತೆಸೆಯುವುದಿಲ್ಲ. ತಾಪ ಏಕೆ ಏರಿತು ಎಂದು ನೋಡುತ್ತಾರೆ. ಸಾವಿರಾರು ಕುಟುಂಬಗಳು ಕುಲುಮೆಯ ಅನ್ನ ತಿಂದ ಊರಿನಲ್ಲಿ ಅದೇ ಶಿಸ್ತು ಅಡುಗೆಮನೆಯ ಪುಟ್ಟ ಕುಲುಮೆಗೂ ಸಲ್ಲಬೇಕು.

ಮೊದಲು ಎಲ್ಲ ಆರುವಿಕೆಯೂ ದೋಷವಲ್ಲ ಎಂಬುದನ್ನು ತಿಳಿಯೋಣ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವುದು ಓಟಿಜಿ ಎಂದು ಕರೆಯುವ ಓವನ್. ಅದರಲ್ಲಿ ಮೇಲೊಂದು ಕೆಳಗೊಂದು ಕಾಯಿಲ್, ಶಾಖ ನಿಯಂತ್ರಿಸಲು ಥರ್ಮೋಸ್ಟಾಟ್, ಹೊತ್ತು ನಿಯಂತ್ರಿಸಲು ಟೈಮರ್ ಇರುತ್ತವೆ. ಥರ್ಮೋಸ್ಟಾಟಿನೊಳಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿ ಇರುವುದುಂಟು. ಕಾದಾಗ ಒಂದು ಹೆಚ್ಚು ಹಿಗ್ಗಿ ಇನ್ನೊಂದು ಕಡಿಮೆ ಹಿಗ್ಗುವುದರಿಂದ ಪಟ್ಟಿ ಬಾಗಿ ವಿದ್ಯುತ್ ಸಂಪರ್ಕ ಕಡಿಯುತ್ತದೆ. ತಣಿದಾಗ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. ಇಂಥ ಪಟ್ಟಿಗಳಲ್ಲಿ ಕಡಿಮೆ ಹಿಗ್ಗುವ ಬದಿಗೆ ಹೆಚ್ಚಾಗಿ ಬಳಸುವುದು ಇನ್ವಾರ್ ಎಂಬ ಮಿಶ್ರಲೋಹ. ನೂರರಲ್ಲಿ ಸುಮಾರು 36 ಭಾಗ ನಿಕ್ಕಲ್, ಉಳಿದದ್ದು ಕಬ್ಬಿಣ. ಅದನ್ನು ಕಂಡುಹಿಡಿದ ಗಿಯೋಮ್ ಎಂಬ ವಿಜ್ಞಾನಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. 180 ಡಿಗ್ರಿಗೆ ತಿರುಗಿಸಿಟ್ಟ ಓವನ್ ಆ ಶಾಖ ಮುಟ್ಟಿದೊಡನೆ ‘ಟಕ್’ ಎಂದು ಕಾಯಿಲನ್ನು ಆರಿಸುತ್ತದೆ, ಕೆಲವು ನಿಮಿಷದಲ್ಲಿ ತಾನೇ ಹೊತ್ತಿಸುತ್ತದೆ. ಕೆಂಪಗಿದ್ದ ಕಾಯಿಲ್ ಕಪ್ಪಾದರೆ ಗಾಬರಿಯಾಗಬೇಕಿಲ್ಲ. ಹಾಗೆ ಆರಿ ಹೊತ್ತುವುದರಿಂದಲೇ ಕೇಕು ಸೀಯದೆ ಬೇಯುತ್ತದೆ. ಟೈಮರ್ ಮುಗಿದು ಆರುವುದೂ ಹಾಗೇ. ಆದ್ದರಿಂದ ಅಂಗಡಿಗೆ ಹೊರಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಆರಿದ್ದು ಕಾಯಿಲ್ ಮಾತ್ರವೋ, ಇಡೀ ಓವನ್ನೋ, ಅಥವಾ ಮನೆಯ ಮೇನ್ ಬೋರ್ಡಿನ ಎಂಸಿಬಿಯಂಥ ರಕ್ಷಣಾ ಸ್ವಿಚ್ಚೋ? ಅರ್ಧ ಕಾರಣ ಈ ಉತ್ತರದಲ್ಲೇ ಸಿಗುತ್ತದೆ.

ಇಡೀ ಓವನ್ ಹದಿನೈದು ಇಪ್ಪತ್ತು ನಿಮಿಷ ನಡೆದು ಆರಿ, ತಣ್ಣಗಾದ ಮೇಲೆ ಮತ್ತೆ ಹೊತ್ತಿಕೊಂಡರೆ, ಅದು ಥರ್ಮಲ್ ಕಟ್-ಔಟಿನ ಕೆಲಸವಿರಬಹುದು. ಎಲ್ಲ ಓಟಿಜಿಗಳಲ್ಲೂ ಇದು ಇರುವುದಿಲ್ಲ. ಇರುವವುಗಳಲ್ಲಿ, ಹಾಗೂ ಮೈಕ್ರೋವೇವ್ ಮತ್ತು ಗೋಡೆಯಲ್ಲಿ ಕೂರಿಸುವ ಓವನ್‌ಗಳಲ್ಲಿ, ಎರಡು ತಂತಿಗಳ ನಡುವೆ ಕೂತ ಈ ಗುಂಡಿಯಂಥ ಪುಟ್ಟ ಭಾಗ ಕೊನೆಯ ಕಾವಲು. ಥರ್ಮೋಸ್ಟಾಟ್ ಕೈಕೊಟ್ಟು ಶಾಖ ಮಿತಿ ಮೀರಿದರೆ, ಇಲ್ಲವೇ ಹೊರಕವಚದ ಸುತ್ತ ಗಾಳಿ ಆಡದಿದ್ದರೆ, ಅದು ತೆರೆದುಕೊಂಡು ಕರೆಂಟು ನಿಲ್ಲಿಸುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಓವನ್ ಕೂರುವ ಜಾಗ ನೋಡಿ: ಫ್ರಿಜ್ಜಿನ ಮೇಲೆ, ಕಡಪ ಕಲ್ಲಿನ ಗೂಡಿನೊಳಗೆ, ಹಿಂಬದಿ ಗೋಡೆಗೆ ಒತ್ತಿ, ಮೇಲೊಂದು ಕಸೂತಿ ಬಟ್ಟೆ ಹೊದೆಸಿ. ಗಾಳಿಕಿಂಡಿ ಮುಚ್ಚಿದ ಓವನ್ ಬಿಸಿಯೇರಿ ಆರುತ್ತದೆ. ಅದನ್ನು ಎಳೆದು ಸುತ್ತಲೂ ಕೈ ಆಡುವಷ್ಟು ಜಾಗ ಬಿಟ್ಟು, ಕಿಂಡಿಯ ಧೂಳು, ಎಣ್ಣೆಜಿಡ್ಡು, ಜಿರಲೆ ಕಸ ತೆಗೆದರೆ ಎಷ್ಟೋ ಓವನ್ ಸ್ಕ್ರೂಡ್ರೈವರ್ ಮುಟ್ಟದೆಯೇ ಸರಿಹೋಗುತ್ತವೆ. ಕೆಲವು ಕಡೆ ಮಾಡುವುದು ಬೇರೆಯೇ: ಕಟ್-ಔಟಿನ ಎರಡೂ ತಂತಿ ಬಿಚ್ಚಿ ಒಂದಕ್ಕೊಂದು ಸೇರಿಸಿ ‘ಡೈರೆಕ್ಟ್’ ಮಾಡಿಕೊಡುವುದು. ಓವನ್ ಅಂದಿನಿಂದ ಆರುವುದಿಲ್ಲ. ಮುಂದೊಂದು ದಿನ ಥರ್ಮೋಸ್ಟಾಟಿನ ಸಂಪರ್ಕಬಿಂದುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡರೆ ಆ ಓವನ್ನನ್ನು ಆರಿಸುವುದಕ್ಕೆ ಒಳಗೆ ಏನೂ ಉಳಿದಿರುವುದಿಲ್ಲ.

ಎರಡನೆಯ ಕಾರಣ ಓವನ್ನಿನ ಹೊರಗಿದೆ, ಗೋಡೆಯ ಪ್ಲಗ್ಗಿನಲ್ಲಿ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಏಕೆಂದರೆ ಲೆಕ್ಕವೇ ಇಲ್ಲಿ ಸಾಕ್ಷಿ. 1500 ವ್ಯಾಟಿನ ಓವನ್ 230 ವೋಲ್ಟಿನಲ್ಲಿ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. 2000 ವ್ಯಾಟಿನದು ಎಂಟೂಮುಕ್ಕಾಲರ ಹತ್ತಿರ. ಮಿಕ್ಸಿ ಹಾಕುವ ಚಿಕ್ಕ ಸಾಕೆಟ್ ಇರುವುದು 6 ಆಂಪಿಯರಿಗೆ. ಆದರೂ ದೊಡ್ಡ ಪಿನ್ನಿನ ಓವನ್ನನ್ನು ಅಡಾಪ್ಟರ್ ಹಾಕಿ ಅದಕ್ಕೇ ಸಿಕ್ಕಿಸುತ್ತೇವೆ, ಇಲ್ಲವೇ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಫ್ರಿಜ್ಜಿನ ಜೊತೆ ಕೂಡಿಸುತ್ತೇವೆ. ಪಿನ್ನು ಸಡಿಲಾಗಿ ಅಲ್ಲಿ ಬರೀ ಅರ್ಧ ಓಮ್ ರೋಧವಿದ್ದರೂ, ಆರೂವರೆ ಆಂಪಿಯರ್ ಹರಿದಾಗ ಆ ಒಂದೇ ಬಿಂದುವಿನಲ್ಲಿ 21 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಗೆ ಬಳಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಷ್ಟು ಬಿಸಿ ಪ್ಲಗ್ಗಿನ ಪ್ಲಾಸ್ಟಿಕ್ಕಿನೊಳಗೆ ಗಂಟೆಗಟ್ಟಲೆ ಕೂತರೆ ಪಿನ್ನು ಕಪ್ಪಾಗುತ್ತದೆ, ಹಿತ್ತಾಳೆಯ ಹಿಡಿತ ಇನ್ನಷ್ಟು ಸಡಿಲಾಗುತ್ತದೆ, ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ, ಓವನ್ ಆರುತ್ತಾ ಹೊತ್ತುತ್ತಾ ಆಡುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ಓವನ್ ಅರ್ಧ ಗಂಟೆ ನಡೆದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಎಳೆದು, ಅದರ ಪ್ಲಾಸ್ಟಿಕ್ ಬದಿಯನ್ನು ಹುಷಾರಾಗಿ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ, ಪಿನ್ನಿನ ಬುಡ ಕಂದಿದ್ದರೆ, ಓವನ್ನನ್ನು ಅಂಗಡಿಗೆ ಹೊತ್ತು ಫಲವಿಲ್ಲ. ಸಾಕೆಟ್ ಬದಲಾಯಿಸಿ 16 ಆಂಪಿಯರಿನ ಪವರ್ ಪ್ಲಗ್ಗನ್ನು ಸರಿಯಾದ ವೈರಿನಿಂದ ಹಾಕಿಸಬೇಕು.

ಮೂರನೆಯದು ಮಲೆನಾಡಿಗೇ ಹತ್ತಿರದ ಕಾರಣ. ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಅಷ್ಟಿಲ್ಲದಿದ್ದರೂ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆ, ಬಟ್ಟೆ, ಉಪ್ಪಿನ ಡಬ್ಬಿ ಎಲ್ಲವೂ ತೇವ. ಬಹಳಷ್ಟು ಓವನ್ನಿನ ಕಾಯಿಲ್ ಒಂದು ಲೋಹದ ಕೊಳವೆ. ಅದರ ನಡುವೆ ತಂತಿ, ತಂತಿಗೂ ಕೊಳವೆಗೂ ಮಧ್ಯೆ ಒತ್ತಿ ತುಂಬಿದ ಮೆಗ್ನೀಶಿಯಂ ಆಕ್ಸೈಡ್ ಪುಡಿ. ಶಾಖವನ್ನು ದಾಟಿಸಿ ವಿದ್ಯುತ್ತನ್ನು ತಡೆಯುವ ಒಳ್ಳೆಯ ವಸ್ತು ಅದು. ಆದರೆ ಅದಕ್ಕೊಂದು ಸ್ವಭಾವವಿದೆ, ಗಾಳಿಯ ತೇವ ಹೀರುತ್ತದೆ. ಮಳೆಗಾಲವಿಡೀ ಮೂಲೆಯಲ್ಲಿ ಕೂತ ಓವನ್ನನ್ನು ದಸರೆಯ ಹೊತ್ತಿಗೆ ಹೊತ್ತಿಸಿದರೆ ಕೊಳವೆಯ ತುದಿಯಿಂದ ಒಳಗಿಳಿದ ತೇವದ ಮೂಲಕ ವಿದ್ಯುತ್ ಹೊರಕವಚಕ್ಕೆ ಸೋರುತ್ತದೆ; 30 ಮಿಲಿ ಆಂಪಿಯರ್ ಸೋರಿದರೆ ಕರೆಂಟು ಕಡಿಯುವ ಆರ್‌ಸಿಸಿಬಿ ಇರುವ ಮನೆಯಲ್ಲಿ ಆ ಕ್ಷಣವೇ ಟ್ರಿಪ್ ಆಗುತ್ತದೆ. ಇದಕ್ಕೆ ಹೊಸ ಕಾಯಿಲೇ ಬೇಕೆಂದೇನಿಲ್ಲ. ಬಲ್ಲ ಮೆಕ್ಯಾನಿಕ್ ಕಾಯಿಲ್ ಬಿಚ್ಚಿ ಹದ ಬಿಸಿಯಲ್ಲಿ ಕೆಲವು ಗಂಟೆ ಒಣಗಿಸಿ, 500 ವೋಲ್ಟಿನ ಮೆಗ್ಗರ್ ಎಂಬ ಅಳತೆಯ ಉಪಕರಣ ಹಿಡಿದು ನಿರೋಧ ಒಂದು ಮೆಗ್ ಓಮಿಗಿಂತ ಮೇಲಕ್ಕೆ ಬಂದಿದೆಯೇ ಎಂದು ನೋಡುತ್ತಾನೆ. ಬಂದರೆ ಕಾಯಿಲ್ ಉಳಿಯಿತು, ಬರದಿದ್ದರೆ ಬದಲಿಸುತ್ತಾನೆ. ಆಮೇಲೆ ಮನೆಯವರು ಮಳೆಗಾಲದಲ್ಲೂ ಆಗಾಗ ಖಾಲಿ ಓವನ್ನನ್ನು ಕಡಿಮೆ ಶಾಖದಲ್ಲಿ ಹದಿನೈದು ನಿಮಿಷ ನಡೆಸಿದರೆ ತೇವ ನಿಲ್ಲುವುದಿಲ್ಲ.

ಇದೇ ದೋಷಕ್ಕೆ ಇನ್ನೊಂದು ಅಪಾಯದ ಉಪಾಯ ಬಾಯಿಂದ ಬಾಯಿಗೆ ಹರಡಿದೆ: ಪ್ಲಗ್ಗಿನ ಮೇಲಿನ ದಪ್ಪ ಅರ್ಥ್ ಪಿನ್ನನ್ನು ತೆಗೆದುಬಿಟ್ಟರೆ ಟ್ರಿಪ್ ಆಗುವುದಿಲ್ಲ ಎಂಬುದು. ನಿಜ, ಆಗುವುದಿಲ್ಲ. ಸೋರಿದ ಕರೆಂಟಿಗೆ ನೆಲಕ್ಕೆ ಹೋಗುವ ದಾರಿಯೇ ಇಲ್ಲವಾದ್ದರಿಂದ ಆರ್‌ಸಿಸಿಬಿಗೆ ಸುಳಿವು ಸಿಗುವುದಿಲ್ಲ. ಆದರೆ ಆ ಕರೆಂಟು ಓವನ್ನಿನ ಮೈಮೇಲೇ ಕೂತಿರುತ್ತದೆ, ಒದ್ದೆ ಕೈಯಿಂದ ಬಾಗಿಲು ತೆರೆಯುವವರಿಗಾಗಿ. ಆಗ ಅದಕ್ಕೆ ನೆಲದ ದಾರಿಯಾಗುವುದು ಮನುಷ್ಯನ ದೇಹ. ಅರ್ಥಿಂಗ್ ಸರಿಯಿಲ್ಲದ, ಆರ್‌ಸಿಸಿಬಿ ಹಾಕದ ಹಳೆಯ ಮನೆಗಳಲ್ಲಿ ಓವನ್ ಎಂದೂ ಟ್ರಿಪ್ ಮಾಡುವುದಿಲ್ಲ ಎಂದು ನೆಮ್ಮದಿಯಿಂದ ಹೇಳುವವರಿದ್ದಾರೆ. ಆ ನೆಮ್ಮದಿಗೆ ಆಧಾರವಿಲ್ಲ. ಸೋರಿಕೆ ಅಲ್ಲಿಯೂ ಇರಬಹುದು. ಅದನ್ನು ತೋರಿಸಿಕೊಡುವುದು ಮಾತ್ರ ಅಲ್ಲಿ ಇಲ್ಲ. ಟ್ರಿಪ್ ಆಗುವ ಮನೆಯೇ ಈ ವಿಷಯದಲ್ಲಿ ಹೆಚ್ಚು ಸುರಕ್ಷಿತ.

ಮೈಕ್ರೋವೇವ್ ಓವನ್ನಿನ ಮಾತು ಬೇರೆ, ಅದನ್ನು ಬಿಡಿಸಿ ಹೇಳಲೇಬೇಕು. ಅದು ಒಂದೆರಡು ನಿಮಿಷಕ್ಕೆ ಆರುತ್ತಿದ್ದರೆ ಮೊದಲು ಗಮನಿಸಬೇಕಾದ್ದು ತಂಪುಮಾಡುವ ಫ್ಯಾನಿನ ಸದ್ದು. ಫ್ಯಾನ್ ತಿರುಗದಿದ್ದರೆ ಮ್ಯಾಗ್ನೆಟ್ರಾನ್ ಎಂಬ ಭಾಗ ಕಾದು, ಅದಕ್ಕಂಟಿದ ಕಟ್-ಔಟ್ ತೆರೆದುಕೊಳ್ಳುತ್ತದೆ. ಬಾಗಿಲನ್ನು ಸ್ವಲ್ಪ ಎತ್ತಿದಾಗ ಹೊತ್ತಿ, ಬಿಟ್ಟಾಗ ಆರಿದರೆ ಬಾಗಿಲ ಕೊಕ್ಕೆಯ ಹಿಂದಿನ ಪುಟ್ಟ ಸ್ವಿಚ್ಚುಗಳ ದೋಷ. ಪಕ್ಕದ ಮೋಟಾರ್ ಶುರುವಾದಾಗಲೇ ಆರಿ ಗಡಿಯಾರ ಸೊನ್ನೆಗೆ ಬಂದರೆ ವೋಲ್ಟೇಜ್ ಕುಸಿತ. ಅದಕ್ಕೆ ಓವನ್ ತೆರೆಯಬೇಕಿಲ್ಲ, ಲೈನನ್ನು ನೋಡಿಸಬೇಕು. ಇಷ್ಟು ಗಮನಿಸುವುದು ಮನೆಯವರ ಕೆಲಸ. ಕವಚ ಬಿಚ್ಚುವುದು ಮಾತ್ರ ಅವರ ಕೆಲಸವಲ್ಲ. ಮೈಕ್ರೋವೇವ್ ಒಳಗೆ ಸಾವಿರಾರು ವೋಲ್ಟ್ ಹುಟ್ಟುತ್ತದೆ, ಅಲ್ಲಿಯ ಕೆಪಾಸಿಟರ್ ಪ್ಲಗ್ ಎಳೆದ ಮೇಲೂ ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು, ಅದು ಪ್ರಾಣ ತೆಗೆಯಬಲ್ಲದು. ಬಾಗಿಲ ಸ್ವಿಚ್ಚನ್ನು ಡೈರೆಕ್ಟ್ ಮಾಡಿಸುವುದಂತೂ ಬಾಗಿಲು ತೆರೆದೇ ಯಂತ್ರ ನಡೆಯುವುದಕ್ಕೆ ಅವಕಾಶ ಕೊಟ್ಟಂತೆ. ಅದನ್ನು ಯಾವ ಮೆಕ್ಯಾನಿಕ್ಕೂ ಮಾಡಕೂಡದು, ಯಾವ ಗಿರಾಕಿಯೂ ಕೇಳಕೂಡದು.

ಈಗ ಇದಕ್ಕೆ ಬರುವ ಆಕ್ಷೇಪಗಳನ್ನು ನೋಡೋಣ. ‘ಕಟ್-ಔಟೇ ಹಳತಾಗಿ ಸುಮ್ಮಸುಮ್ಮನೆ ಆರಿಸುವುದಿಲ್ಲವೇ?’ ಎಂಬುದು ಮೊದಲನೆಯದು. ಇದು ನ್ಯಾಯವಾದ ಪ್ರಶ್ನೆ. ಆರಿಸುತ್ತದೆ, ಅದೂ ಸವೆಯುವ ವಸ್ತುವೇ. ಆದರೆ ಹಾಗೆಂದು ತಿಳಿಯುವುದು ಗಾಳಿ, ಪ್ಲಗ್, ಥರ್ಮೋಸ್ಟಾಟ್ ಇಷ್ಟನ್ನೂ ನೋಡಿ ಸರಿ ಎಂದು ಕಂಡ ಮೇಲೆ. ಆಗಲೂ ಪರಿಹಾರ ಅದೇ ಡಿಗ್ರಿಯ, ಅದೇ ಆಂಪಿಯರಿನ ಇನ್ನೊಂದನ್ನು ಹಾಕುವುದು. ‘ಡೈರೆಕ್ಟ್ ಮಾಡಿ ಮೂರು ವರ್ಷವಾಯಿತು, ಏನೂ ಆಗಿಲ್ಲ’ ಎಂಬುದು ಎರಡನೆಯ ಮಾತು. ಕೊನೆಯ ಕಾವಲಿಗೆ ದಿನವೂ ಕೆಲಸವಿರುವುದಿಲ್ಲ. ಮುಖ್ಯ ನಿಯಂತ್ರಣ ತಪ್ಪಿದ ಒಂದು ದಿನಕ್ಕಾಗಿಯೇ ಅದನ್ನು ಇಟ್ಟಿರುವುದು. ಆ ದಿನ ಇನ್ನೂ ಬಂದಿಲ್ಲ ಎಂಬುದರಿಂದ ಬರುವುದೇ ಇಲ್ಲ ಎಂದು ಸಿದ್ಧವಾಗುವುದಿಲ್ಲ. ಮೂರು ವರ್ಷದಲ್ಲಿ ಥರ್ಮೋಸ್ಟಾಟ್ ಸವೆದಿದೆ, ವೈರು ಒಣಗಿದೆ. ಅಪಾಯ ಕಡಿಮೆಯಾಗುವ ಬದಲು ಕೂಡುತ್ತಾ ಬಂದಿದೆ.

ಮೂರನೆಯ ಆಕ್ಷೇಪ ಮೆಕ್ಯಾನಿಕ್ಕುಗಳದು, ಅದನ್ನು ಗೌರವದಿಂದ ಕೇಳಬೇಕು. ಬಿ.ಎಚ್. ರಸ್ತೆಯ ಉದ್ದಕ್ಕೂ, ಶಿವಮೊಗ್ಗದ ಗಾಂಧಿ ಬಜಾರ್, ದುರ್ಗಿಗುಡಿಗಳ ಸಂದುಗಳಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡು ಇಂಥ ಕೆಲಸ ಮಾಡುವವರು ಹೇಳಬಹುದಾದ ಮಾತು ಇದು: ಗಿರಾಕಿ ಭಾಗಕ್ಕೆ ದುಡ್ಡು ಕೊಡುತ್ತಾನೆ, ಹುಡುಕಿದ ಹೊತ್ತಿಗೆ ಕೊಡುವುದಿಲ್ಲ. ಒಂದು ಗಂಟೆ ತಪಾಸಣೆ ಮಾಡಿ ‘ಓವನ್ ಸರಿಯಿದೆ, ನಿಮ್ಮ ಸಾಕೆಟ್ ಕೆಟ್ಟಿದೆ’ ಎಂದರೆ ಧನ್ಯವಾದ ಹೇಳಿ ಹೋಗುತ್ತಾನೆ. ಈ ದೂರು ಸರಿಯಾದದ್ದು. ಡೈರೆಕ್ಟ್ ಮಾಡುವ ರೂಢಿ ಬೆಳೆದಿರುವುದರಲ್ಲಿ ನಮ್ಮ ಚೌಕಾಸಿಯ ಪಾಲೂ ಇದೆ. ದೋಷ ಹುಡುಕುವುದೇ ರಿಪೇರಿಯ ಕಠಿಣ ಭಾಗ, ವಿದ್ಯೆ ಇರುವುದೂ ಅಲ್ಲೇ. ಒಂದು ಉದಾಹರಣೆ ಸಾಕು. ಕಾಯಿಲಿನ ತುದಿಗೆ ಬರುವ ವೈರು ಸುಟ್ಟಿದ್ದರೆ ಕೈಗೆ ಸಿಕ್ಕ ಸಾಮಾನ್ಯ ಪಿವಿಸಿ ವೈರನ್ನು ಸೋಲ್ಡರ್ ಮಾಡಿ ಜೋಡಿಸಿದರೆ ಐದು ನಿಮಿಷದ ಕೆಲಸ. ಆದರೆ ಆ ವೈರಿನ ಹೊದಿಕೆ ಹೆಚ್ಚೆಂದರೆ 70 ಡಿಗ್ರಿ ತಾಳುವಂಥದು; ತವರ-ಸೀಸದ ಸೋಲ್ಡರ್ 183 ಡಿಗ್ರಿಗೆ ಕರಗುತ್ತದೆ; ಓವನ್ ಹೋಗುವುದು 250ರವರೆಗೆ. ಬೆಸುಗೆ ಮೆತ್ತಗಾಗಿ ಸಂಪರ್ಕ ಬಿಡುತ್ತದೆ, ಓವನ್ ಮತ್ತೆ ಆರುತ್ತದೆ, ಗಿರಾಕಿ ಮತ್ತೆ ಬರುತ್ತಾನೆ. ಶಾಖ ತಾಳುವ ಗ್ಲಾಸ್ ಫೈಬರ್ ಹೊದಿಕೆಯ ವೈರು ಹಾಕಿ, ಲಗ್ ಒತ್ತಿ, ಸ್ಕ್ರೂ ಬಿಗಿಮಾಡುವುದೇ ಸರಿಯಾದ ಕ್ರಮ. ಈ ವ್ಯತ್ಯಾಸ ಬಲ್ಲವನಿಗೆ ಬಲ್ಲತನದ ಕೂಲಿ ಸಲ್ಲಬೇಕು. ತಪಾಸಣೆಗೆ ಬೇರೆ ಶುಲ್ಕ ಕೇಳಿದರೆ ಅದನ್ನು ಮೋಸ ಎನ್ನದೆ ಕೊಡುವುದನ್ನು ನಾವು ಕಲಿಯಬೇಕು.

ನಾಲ್ಕನೆಯ ಆಕ್ಷೇಪ ಎಲ್ಲಕ್ಕಿಂತ ಜೋರಾದದ್ದು: ಇಷ್ಟೆಲ್ಲ ತಲೆನೋವು ಏಕೆ, ಹೊಸದು ತಂದರಾಯಿತು. ಕವಚವೇ ತುಕ್ಕು ಹಿಡಿದು ತೂತಾದ, ಭಾಗ ಸಿಗದ ಓವನ್ನಿಗೆ ಈ ಮಾತು ಸರಿ. ಉಳಿದವಕ್ಕೆ ಹೊಂದುವುದಿಲ್ಲ. ಕಾರಣ ಸಾಕೆಟ್ಟಿನಲ್ಲಿದ್ದರೆ, ಗೂಡಿನ ಬಿಸಿಯಲ್ಲಿದ್ದರೆ, ಮಳೆಗಾಲದ ತೇವದಲ್ಲಿದ್ದರೆ, ಹೊಸ ಓವನ್ ಕೂಡ ಅದೇ ಜಾಗದಲ್ಲಿ ಕೂತು ಅದೇ ರೀತಿ ಆರುತ್ತದೆ. ಕಾರಣ ತಿಳಿಯದೆ ಕೊಂಡ ಹೊಸದು ಹಳೆಯ ದೋಷಕ್ಕೆ ಕೊಟ್ಟ ಇನ್ನೊಂದು ಬಲಿ. ಎಸೆದ ಓವನ್ನಿನ ಗತಿಯೂ ನಮ್ಮ ಲೆಕ್ಕದಲ್ಲಿರಬೇಕು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕೆಟ್ಟ ವಿದ್ಯುತ್ ಸಾಮಾನನ್ನು ನೋಂದಾಯಿತ ಮರುಬಳಕೆದಾರರಿಗೆ ಮುಟ್ಟಿಸುವ ವ್ಯವಸ್ಥೆಗೆ ತಯಾರಕರನ್ನು ಹೊಣೆ ಮಾಡಿವೆ. ಗುಜರಿ ಗಾಡಿಗೆ ತೂಕಕ್ಕೆ ಹಾಕುವುದು ಅದಕ್ಕೆ ಬದಲಿಯಲ್ಲ. ಭಾಗ ಸಿಗುವುದಿಲ್ಲ ಎಂಬ ಅಡ್ಡಿಯೂ ಸಹಜ ನಿಯಮವೇನಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿ, ಅದೇ ವರ್ಷ ಗ್ರಾಹಕ ದಿನದಂದು ಅದಕ್ಕಾಗಿ ಒಂದು ಪೋರ್ಟಲ್ ತೆರೆಯಿತು. ಗೃಹೋಪಯೋಗಿ ವಸ್ತುಗಳೂ ಅದರ ವ್ಯಾಪ್ತಿಯಲ್ಲಿವೆ. ಯುರೋಪ್ ಒಕ್ಕೂಟ 2024ರಲ್ಲಿ ರಿಪೇರಿಯ ಹಕ್ಕನ್ನು ಕಾನೂನನ್ನಾಗಿಯೇ ಮಾಡಿತು. ನಮ್ಮಲ್ಲಿ ಭಾಗ ಕೊಡಲೊಲ್ಲದ ಮಾರಾಟಗಾರರ ವಿರುದ್ಧ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಬಳಕೆದಾರರು ಕೇಳದಿದ್ದರೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಓವನ್ ಆರಿದಾಗ ನಾಲ್ಕು ವಿಷಯ ಗಮನಿಸಿ ಬರೆದಿಡಿ: ಎಷ್ಟು ಹೊತ್ತಿಗೆ ಆರಿತು, ಏನೇನು ಆರಿತು, ತಾನಾಗಿ ಮತ್ತೆ ಹೊತ್ತಿತೇ, ಆಗ ಮನೆಯಲ್ಲಿ ಗೀಸರ್, ಮೋಟಾರ್ ಬೇರೆ ಏನು ನಡೆಯುತ್ತಿತ್ತು. ಪ್ಲಗ್ ನೋಡಿ, ಗಾಳಿಗೆ ಜಾಗ ಬಿಡಿ. ಇವೆರಡರಿಂದ ಸರಿಹೋಗದಿದ್ದರೆ ಬರೆದ ಚೀಟಿಯ ಸಮೇತ ಅಂಗಡಿಗೆ ಒಯ್ಯಿರಿ. ‘ಆಫ್ ಆಗದ ಹಾಗೆ ಮಾಡಿ’ ಎನ್ನುವ ಬದಲು ‘ಏಕೆ ಆಫ್ ಆಯಿತು ನೋಡಿ ಹೇಳಿ’ ಎನ್ನಿ. ಕೆಲಸ ಮುಗಿದ ಮೇಲೆ ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಹೊಸದರ ಮೇಲಿನ ಡಿಗ್ರಿ ಮತ್ತು ಆಂಪಿಯರ್ ಹಳೆಯದಕ್ಕೆ ಹೊಂದುತ್ತದೆಯೇ ನೋಡಿ, ಯಾವ ಕಾವಲನ್ನೂ ಡೈರೆಕ್ಟ್ ಮಾಡಿಲ್ಲ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಜಿಲ್ಲೆಯ ಐಟಿಐಗಳು ಈ ತಪಾಸಣೆಯ ವಿದ್ಯೆಯನ್ನು, ಮೆಗ್ಗರ್ ಹಿಡಿಯುವುದನ್ನು, ಶಾಖ ತಾಳುವ ವೈರು ಆರಿಸುವುದನ್ನು ಕಿರು ತರಬೇತಿಯಾಗಿ ಕೊಟ್ಟರೆ ನಮ್ಮ ಹುಡುಗ ಹುಡುಗಿಯರಿಗೆ ಕೈತುಂಬ ಕೆಲಸವಿದೆ. ಗಿರಾಕಿಗಳು ಕಾರಣ ಕೇಳಲು ತೊಡಗಿದರೆ ಮೆಕ್ಯಾನಿಕ್ಕುಗಳು ಕಾರಣ ಹುಡುಕುತ್ತಾರೆ. ಹುಡುಕಿದವರಿಗೆ ಸರಿಯಾದ ಕೂಲಿ ಸಿಕ್ಕರೆ ಒಳ್ಳೆಯ ಮೆಕ್ಯಾನಿಕ್ಕುಗಳು ಈ ಊರುಗಳಲ್ಲೇ ಉಳಿಯುತ್ತಾರೆ. ಆ ಮೊದಲ ಪ್ರಶ್ನೆ ಕೇಳುವವರು ನೀವಾಗಬೇಕು ಎಂಬುದು ನನ್ನ ವಿನಂತಿ.